ಖನಿಜ, ಶಿಲೆ, ಅದಿರು: ಮಂಡ್ಯದ ನೆಲದ ಬಗ್ಗೆ ಒಂದಿಷ್ಟು ಮಾತು

(ಮಂಡ್ಯದಲ್ಲಿ ಪ್ರೌಢಶಾಲೆಯ ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು ಮತ್ತು ಸುತ್ತಲ ಊರುಗಳ ರೈತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಆಡಿದ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ, ಅಲ್ಲಾಪಟ್ಟಣ ನಿಮಗೆಲ್ಲ ಗೊತ್ತು. 2020ರಲ್ಲಿ ಈ ಊರುಗಳ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಇಲ್ಲಿನ ನೆಲದಡಿ ಬ್ಯಾಟರಿಗೆ ಬೇಕಾದ ಲೋಹ ಲಿಥಿಯಂ 14,100 ಟನ್ ಇದೆ ಅನ್ನೋದು ಆಗಿನ ಸುದ್ದಿ. ಮರುವರ್ಷ, 2021ರಲ್ಲಿ, ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಕೊಟ್ಟ ಲೆಕ್ಕ 1,600 ಟನ್. ಆಗ ತುಂಬಾ ಜನ ನನ್ನನ್ನು ಕೇಳಿದರು: ಉಳಿದದ್ದು ಎಲ್ಲಿ ಹೋಯಿತು? ಯಾರಾದರೂ ಮುಚ್ಚಿಟ್ಟರಾ?

ಯಾರೂ ಮುಚ್ಚಿಡಲಿಲ್ಲ. ನೆಲದಡಿ ಇರುವುದು ಅಂದೂ ಅಷ್ಟೇ, ಇಂದೂ ಅಷ್ಟೇ. ಬದಲಾದದ್ದು ಅಂದಾಜು. ಆದರೆ ಸುದ್ದಿ ಓದಿದವರಿಗೆ ಅದು ಅಂದಾಜು ಅಂತಲೇ ತಿಳಿಯಲಿಲ್ಲ. ಖನಿಜ, ಶಿಲೆ, ಅದಿರು, ನಿಕ್ಷೇಪ ಎಲ್ಲವನ್ನೂ ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ನಿಜ ಹೇಳಬೇಕೆಂದರೆ ಅವು ನಾಲ್ಕು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಇದು ಯಾವುದರಿಂದ ಆಗಿದೆ ಅಂದರೆ ಖನಿಜದ ಹೆಸರು ಹೇಳಬೇಕು. ಹೇಗೆ ಹುಟ್ಟಿತು ಅಂದರೆ ಶಿಲೆಯ ಹೆಸರು. ತೆಗೆದರೆ ಲಾಭ ಉಂಟಾ ಅಂದಾಗ ಅದಿರಿನ ಮಾತು ಬರುತ್ತದೆ. ಎಷ್ಟಿದೆ, ಎಷ್ಟು ಖಾತ್ರಿ ಅನ್ನೋದು ನಿಕ್ಷೇಪದ ಮಾತು. ಈ ನಾಲ್ಕನ್ನು ಬೇರೆ ಬೇರೆಯಾಗಿ ಕೇಳಲು ಕಲಿತರೆ ಗಣಿ ಅಂತ ಬಂದವರ ಮುಂದೆ ನಮ್ಮ ಊರಿನವರು ತಡವರಿಸಬೇಕಾಗಿಲ್ಲ. ಅದಕ್ಕೇ ನಾನು ಇಲ್ಲಿಗೆ ಬಂದದ್ದು.

ಮೊದಲು ಖನಿಜ. ಚಾಮುಂಡಿ ಬೆಟ್ಟದ ಕಡೆಯ ಒಂದು ಗ್ರಾನೈಟ್ ಚೂರು ತಂದಿದ್ದೇನೆ. ಕೈಯಿಂದ ಕೈಗೆ ದಾಟಿಸಿ. ಜೊತೆಗೆ ಭೂತಗನ್ನಡಿಯೂ ಇದೆ. ಬಿಸಿಲು ಬೀಳುವ ಕಿಟಕಿಯ ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಗುಲಾಬಿ ಅಥವಾ ಬಿಳಿ ಬಣ್ಣದ ಚಪ್ಪಟೆ ಮೈಗಳು ಫಳ್ ಅಂತ ಹೊಳೆಯುತ್ತವೆ. ಅದು ಫೆಲ್ಡ್‌ಸ್ಪಾರ್. ಅದರ ಪಕ್ಕದಲ್ಲೇ ಗಾಜಿನ ಚೂರು ಸಿಕ್ಕಿಕೊಂಡ ಹಾಗೆ ಬೂದು ಬಣ್ಣದ ಕಾಳು ಕಾಣುತ್ತದೆ. ಎಷ್ಟು ತಿರುಗಿಸಿದರೂ ಅದರಲ್ಲಿ ಚಪ್ಪಟೆ ಮೈ ಸಿಗುವುದಿಲ್ಲ. ಒಡೆದರೆ ಅಂಕುಡೊಂಕಾಗಿ ಒಡೆಯುತ್ತದೆ. ಅದು ಬೆಣಚು, ಅಂದರೆ ಕ್ವಾರ್ಟ್ಜ್. ನಡುವೆ ಇರುವ ಕಪ್ಪು ಚುಕ್ಕೆಗಳಲ್ಲಿ ಕೆಲವನ್ನು ಸೂಜಿ ಮೊನೆಯಿಂದ ಕೆದಕಿದರೆ ಹಾಳೆ ಹಾಳೆಯಾಗಿ ಏಳುತ್ತವೆ. ಅದು ಅಭ್ರಕ, ಹಳ್ಳಿಯಲ್ಲಿ ಕಾಗೆಬಂಗಾರ ಅಂತೀವಲ್ಲ, ಅದರ ಕಪ್ಪು ಜಾತಿ. ಏಳದೆ ಗಟ್ಟಿಯಾಗಿ ಕೂತಿರುವ ಕಪ್ಪು ಕಡ್ಡಿಗಳು ಹಾರ್ನ್‌ಬ್ಲೆಂಡ್.

ಕೈಯಲ್ಲಿರುವ ಕಲ್ಲು ಒಂದೇ, ಅದರಲ್ಲಿರುವ ಖನಿಜಗಳು ಹಲವು. ಪ್ರಕೃತಿಯಲ್ಲಿ ತಾನಾಗಿಯೇ ಆದದ್ದು, ಘನರೂಪದಲ್ಲಿರುವುದು, ಇಂತಿಂಥ ಧಾತುಗಳು ಇಂತಿಷ್ಟು ಅನ್ನುವ ಕಟ್ಟುಪಾಡು ಇರುವುದು, ಪರಮಾಣುಗಳು ಒಂದು ಕ್ರಮದಲ್ಲಿ ಜೋಡಿಸಿಕೊಂಡಿರುವುದು. ಇಷ್ಟೂ ಇದ್ದರೆ ಅದು ಖನಿಜ. ಈ ಲೆಕ್ಕದಲ್ಲಿ ಹಿಮಾಲಯದ ಮೇಲಿನ ಮಂಜುಗಡ್ಡೆಯೂ ಖನಿಜವೇ. ಕಾರ್ಖಾನೆಯ ಗಾಜು ಅಲ್ಲ. ಕಲ್ಲಿದ್ದಲು ಗಿಡಮರಗಳಿಂದ ಆದದ್ದು, ವಿಜ್ಞಾನದ ಕಟ್ಟುನಿಟ್ಟಿನ ಪ್ರಕಾರ ಖನಿಜವಲ್ಲ. ಕಾನೂನು ಮಾತ್ರ ಅದನ್ನೂ ಖನಿಜ ಅಂತಲೇ ಪರಿಗಣಿಸುತ್ತದೆ.

ಈ ಫೆಲ್ಡ್‌ಸ್ಪಾರ್, ಬೆಣಚು ಎರಡನ್ನೂ ಮರೆಯಬೇಡಿ. ನಿಮ್ಮ ಗದ್ದೆಗೂ ಅದಕ್ಕೂ ನಂಟಿದೆ. ಮಳೆ, ಬಿಸಿಲು, ಬೇರು ಸೇರಿ ಬಂಡೆಯನ್ನು ಸವೆಸುವಾಗ ಫೆಲ್ಡ್‌ಸ್ಪಾರ್ ನಿಧಾನವಾಗಿ ಕೊಳೆತು ಜೇಡಿಯಾಗುತ್ತದೆ. ಬೆಣಚು ಕೊಳೆಯುವುದಿಲ್ಲ. ಅದು ಕಾಳು ಕಾಳಾಗಿ ಉದುರಿ, ನೀರಿನ ಜೊತೆ ಹೋಗಿ ಹೊಳೆ ಸೇರುತ್ತದೆ. ಭತ್ತದ ಗದ್ದೆಯಲ್ಲಿ ಕಾಲಿಗೆ ಮೆತ್ತುವ ಜೇಡಿ, ಕಾವೇರಿಯಲ್ಲಿ ಕಾಲಿಗೆ ಒತ್ತುವ ಮರಳು, ಎರಡರ ಮೂಲವೂ ಇಂಥದೇ ಬಂಡೆ.

ಖನಿಜ ಗುರುತಿಸಲು ಬಣ್ಣ ನಂಬಬೇಡಿ. ಒಂದೇ ಬೆಣಚು ಬಿಳಿ, ನೇರಳೆ, ಹೊಗೆ ಬಣ್ಣ, ಎಲ್ಲ ಆಗಿ ಸಿಗುತ್ತದೆ. ನಂಬಬೇಕಾದದ್ದು ಗಡಸುತನ ಮತ್ತು ಗೀರು. ಗಡಸುತನಕ್ಕೆ 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬುವರು ಮಾಡಿದ ಪಟ್ಟಿಯನ್ನೇ ಇಂದಿಗೂ ಬಳಸುತ್ತೇವೆ. ಹೆಚ್ಚಿನ ಅಂಕಿಯದು ಕಮ್ಮಿ ಅಂಕಿಯದರ ಮೇಲೆ ಗೆರೆ ಎಳೆಯುತ್ತದೆ. 1ರಲ್ಲಿ ಬಳಪದ ಖನಿಜವಾದ ಟಾಲ್ಕ್, 3ರಲ್ಲಿ ಸುಣ್ಣಕಲ್ಲಿನ ಕ್ಯಾಲ್ಸೈಟ್, 6ರಲ್ಲಿ ಫೆಲ್ಡ್‌ಸ್ಪಾರ್, 7ರಲ್ಲಿ ಬೆಣಚು, 9ರಲ್ಲಿ ಕುರುಂದ, 10ರಲ್ಲಿ ವಜ್ರ. ಉಗುರು ಸುಮಾರು ಎರಡೂವರೆ. ಚಾಕು, ಕಿಟಕಿ ಗಾಜು ಸುಮಾರು ಐದೂವರೆ. ಉಗುರು, ಚಾಕು, ಒಂದು ಗಾಜಿನ ಚೂರು ಇದ್ದರೆ ಅರ್ಧ ಪ್ರಯೋಗಾಲಯ ಜೇಬಲ್ಲಿದ್ದಂತೆ. ಗೀರು ನೋಡಲು ಹೊಳಪಿಲ್ಲದ ಟೈಲ್ಸಿನ ಹಿಂಬದಿ ಸಾಕು. ಸಂಡೂರಿನ ಕಬ್ಬಿಣದ ಖನಿಜ ಹೆಮಟೈಟ್ ನೋಡಲು ಉಕ್ಕಿನ ಬಣ್ಣ ಇದ್ದರೂ ಉಜ್ಜಿದರೆ ಕೆಂಪು ಗೀರು ಬಿಡುತ್ತದೆ. ಕುದುರೆಮುಖದ ಮ್ಯಾಗ್ನೆಟೈಟ್ ಉಜ್ಜಿದರೆ ಕಪ್ಪು. ಬಂಗಾರ ಹಳದಿ ಗೀರು ಬಿಡುತ್ತದೆ, ಬಂಗಾರದಂತೆಯೇ ಮಿನುಗುವ ಪೈರೈಟ್ ಕಪ್ಪು ಗೀರು ಬಿಡುತ್ತದೆ. ಮೇಷ್ಟ್ರುಗಳಿಗೆ ಒಂದು ಮಾತು: ಮಕ್ಕಳ ಕೈಗೆ ಟೈಲ್ಸು ಕೊಟ್ಟು ಉಜ್ಜಲು ಬಿಡಿ. ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದು ಪರೀಕ್ಷೆ ಮುಗಿದ ಮೇಲೆ ಮರೆತುಹೋಗುತ್ತದೆ, ತಾವೇ ಉಜ್ಜಿ ನೋಡಿದ್ದು ಮರೆಯುವುದಿಲ್ಲ.

ಇನ್ನು ಶಿಲೆ. ಕರಗಿದ ಕಲ್ಲಿನ ರಸ ಆರಿ ಗಟ್ಟಿಯಾದದ್ದು ಅಗ್ನಿಶಿಲೆ. ಮರಳು, ಜೇಡಿ, ಚಿಪ್ಪು ಪದರ ಪದರವಾಗಿ ಕೂತು ಗಟ್ಟಿಯಾದದ್ದು ಪದರಶಿಲೆ. ಇವೆರಡರಲ್ಲಿ ಯಾವುದಾದರೂ ನೆಲದ ಆಳಕ್ಕೆ ಹೋಗಿ, ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ, ಕರಗದೆಯೇ ಬೇರೆ ರೂಪ ಪಡೆದರೆ ಅದು ರೂಪಾಂತರ ಶಿಲೆ. ಪದರಶಿಲೆ ನೋಡಬೇಕಾದರೆ ಬಾದಾಮಿಗೆ ಹೋಗಿ. ನಮ್ಮ ಕಡೆ ಅದು ಇಲ್ಲವೆಂದೇ ಹೇಳಬೇಕು. ನಮ್ಮದು ಅಗ್ನಿಶಿಲೆ ಮತ್ತು ರೂಪಾಂತರ ಶಿಲೆಗಳ ನಾಡು, ಅದರಲ್ಲೂ ರೂಪಾಂತರದ್ದೇ ಜಾಸ್ತಿ.

ಮಂಡ್ಯದಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ರಸ್ತೆಗಾಗಿ ಬಂಡೆ ಕಡಿದ ಕಡೆ ನೋಡಿ. ಬಿಳಿ ಪಟ್ಟೆ, ಕಪ್ಪು ಪಟ್ಟೆ ಒಂದರ ಮೇಲೊಂದು ಬಳುಕಿಕೊಂಡು ಹೋಗುವ ಕಲ್ಲು ಕಾಣುತ್ತದೆ. ಅದು ನೈಸ್. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಶುರುವಾಯಿತು. ಅದಕ್ಕೆ ಮೊದಲು ಮುಖ್ಯಸ್ಥರಾದವರು ರಾಬರ್ಟ್ ಬ್ರೂಸ್ ಫೂಟ್. ಆಮೇಲೆ ಬಂದ ಡಬ್ಲ್ಯು. ಎಫ್. ಸ್ಮೀತ್ ಈ ಕಲ್ಲಿಗೆ ಪೆನಿನ್ಸುಲರ್ ನೈಸ್ ಅಂತ ಹೆಸರಿಟ್ಟರು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಇದೇ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಈ ನೈಸ್‌ನ ವಯಸ್ಸು ಸುಮಾರು 300 ಕೋಟಿ ವರ್ಷ, ಕೆಲವು ಕಡೆ ಅದಕ್ಕಿಂತಲೂ ಜಾಸ್ತಿ. ಭೂಮಿಗೇ ಸುಮಾರು 454 ಕೋಟಿ ವರ್ಷ. ಚಾಮುಂಡಿ ಬೆಟ್ಟದ ಗ್ರಾನೈಟ್ ಹುಟ್ಟಿದ್ದು ಸುಮಾರು 80 ಕೋಟಿ ವರ್ಷದ ಹಿಂದೆ. ಅಂದರೆ ಬೆಟ್ಟಕ್ಕಿಂತ ಸುತ್ತಲಿನ ಬಯಲೇ ಹಿರಿಯದು. ಆಗಲೇ ಇದ್ದ ಹಳೆಯ ನೈಸ್‌ನೊಳಗೆ ರಸ ನುಗ್ಗಿ, ಆಳದಲ್ಲೇ ಆರಿ, ಮೇಲಿದ್ದದ್ದೆಲ್ಲ ಸವೆದು ಹೋದ ಮೇಲೆ ಗಟ್ಟಿ ಗ್ರಾನೈಟ್ ಎತ್ತರಕ್ಕೆ ಉಳಿದುಕೊಂಡಿದೆ. ಸಾವಿರ ಮೆಟ್ಟಿಲು ಹತ್ತುವಾಗ ಇದನ್ನೊಮ್ಮೆ ನೆನೆಸಿಕೊಳ್ಳಿ.

ನೈಸ್‌ಗಿಂತ ಹಳೆಯ ಶಿಲೆಗಳ ತುಂಡುಗಳೂ ಇಲ್ಲಿವೆ. ಎಚ್.ಡಿ. ಕೋಟೆ ಕಡೆಯ ಸರಗೂರಿನ ಸುತ್ತ ಸಿಗುವ ಷಿಸ್ಟ್, ಬಿಳಿ ಕ್ವಾರ್ಟ್‌ಜೈಟ್, ಕಯನೈಟ್ ಇರುವ ಶಿಲೆಗಳನ್ನು ಜಗತ್ತಿನ ಭೂವಿಜ್ಞಾನಿಗಳು ಸರಗೂರು ಗುಂಪು ಅಂತಲೇ ಕರೆಯುತ್ತಾರೆ. ಷಿಸ್ಟ್ ಅಂದರೆ ಹಾಳೆಯಂಥ ಖನಿಜಗಳೆಲ್ಲ ಒಂದೇ ದಿಕ್ಕಿಗೆ ಮಲಗಿ ಸುಲಭವಾಗಿ ಸೀಳುವ ರೂಪಾಂತರ ಶಿಲೆ. ಇದೇ ಬಳಗದ ಮೆತ್ತನೆಯ ಒಂದು ಕಲ್ಲನ್ನು ನೀವೆಲ್ಲ ನೋಡಿದ್ದೀರಿ. ಮಂಡ್ಯ ತಾಲ್ಲೂಕಿನ ಬಸರಾಳಿನ ಮಲ್ಲಿಕಾರ್ಜುನ ದೇವಸ್ಥಾನ, 1234ನೇ ಇಸವಿಯದು. ಕೆ.ಆರ್. ಪೇಟೆಯ ಹತ್ತಿರದ ಹೊಸಹೊಳಲು. ಆಚೆ ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರ, 1258. ಮೂರೂ ಬಳಪದ ಕಲ್ಲಿನಲ್ಲಿ ಆದವು. ಟಾಲ್ಕ್, ಕ್ಲೋರೈಟ್ ಹೆಚ್ಚಿರುವ ಕಲ್ಲು ಅದು. ಟಾಲ್ಕಿನ ಗಡಸುತನ 1 ಅಂದೆನಲ್ಲ. ಹಾಗಾಗಿ ಉಳಿ ಹೇಳಿದಂತೆ ಕೇಳುತ್ತದೆ. ಸೋಮನಾಥಪುರದಲ್ಲಿ ಹೊರಗೋಡೆಯ ಹತ್ತಿರ ನಿಂತು ವಿಗ್ರಹದ ಕೊರಳ ಹಾರ ನೋಡಿ. ಒಂದೊಂದು ಮಣಿಯೂ ಬಿಡಿಯಾಗಿ ನಿಂತಿದೆ, ಅದರ ಹಿಂದೆ ಉಳಿ ಹೋಗಿ ಬಂದಿದೆ. ಗ್ರಾನೈಟಿನಲ್ಲಿ ಅಷ್ಟು ಸಣ್ಣ ಕೆಲಸ ಬಹಳ ಕಷ್ಟ, ಅಲ್ಲಿ ಉಳಿಗೆ ಎದುರಾಗುವುದು 6ರ ಫೆಲ್ಡ್‌ಸ್ಪಾರ್ ಮತ್ತು 7ರ ಬೆಣಚು. ಶ್ರವಣಬೆಳಗೊಳದ ಗೊಮ್ಮಟ ಗ್ರಾನೈಟ್. ಅಲ್ಲಿ ಶಿಲ್ಪಿ ಒಡವೆ, ಲತೆಗಳ ಗೊಡವೆಗೆ ಹೆಚ್ಚು ಹೋಗದೆ ದೊಡ್ಡ ನುಣುಪು ಮೈಯನ್ನು ಬಿಡಿಸಿದ. ದಿಗಂಬರ ಮೂರ್ತಿಗೆ ಅದು ಹೇಗೂ ಸಹಜವೇ. ಆದರೂ ಕಲ್ಲು ಯಾವುದು ಅನ್ನುವುದಕ್ಕೂ ಶಿಲ್ಪ ಹೇಗಿದೆ ಅನ್ನುವುದಕ್ಕೂ ಸಂಬಂಧ ಇದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಅಂಗಡಿಯ ಗ್ರಾನೈಟ್ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಪಾಲಿಶ್ ಮಾಡಿ ಮಾರುವ ಗಟ್ಟಿ ಕಲ್ಲೆಲ್ಲ ವ್ಯಾಪಾರದಲ್ಲಿ ಗ್ರಾನೈಟೇ. ಚಾಮರಾಜನಗರದ ಹೆಸರುವಾಸಿ ಕರಿಕಲ್ಲು ನಿಜಕ್ಕೂ ಡಾಲರೈಟ್ ಎಂಬ ಬೇರೆ ಅಗ್ನಿಶಿಲೆ. ಅದರಲ್ಲಿ ಬೆಣಚು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ವ್ಯಾಪಾರಿ ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ, ಅವರ ಲೆಕ್ಕವೇ ಬೇರೆ.

ಡಾಲರೈಟ್ ಅಂದಾಗ ಬೋರ್‌ವೆಲ್ ನೆನಪಿಗೆ ಬರಬೇಕು. ಹಳೆಯ ಬಂಡೆ ಬಿರುಕು ಬಿಟ್ಟಾಗ ಆಳದಿಂದ ಕರಿ ರಸ ನುಗ್ಗಿ ಗೋಡೆಯಂತೆ ನಿಂತು ಗಟ್ಟಿಯಾಗಿರುತ್ತದೆ. ಇದಕ್ಕೆ ಡೈಕ್ ಅಂತಾರೆ. ಹೊಲದಲ್ಲಿ ಕರಿ ಗುಂಡುಗಳು ಒಂದೇ ಸಾಲಲ್ಲಿ ಮೈಲಿಗಟ್ಟಲೆ ಹೋಗಿದ್ದರೆ ಅದರ ಕೆಳಗೆ ಡೈಕ್ ಇದೆ ಅಂತ ಅನುಮಾನಪಡಿ. ನೈಸ್ ಆಗಲಿ ಗ್ರಾನೈಟ್ ಆಗಲಿ, ಗಟ್ಟಿ ಬಂಡೆ ನೀರು ಹಿಡಿದಿಡುವುದಿಲ್ಲ. ನೀರು ಇರುವುದು ಎರಡೇ ಕಡೆ: ಮೇಲಿನ ಸವೆದ ಗರಸಿನ ಪದರದಲ್ಲಿ, ಆಮೇಲೆ ಬಂಡೆಯ ಬಿರುಕುಗಳಲ್ಲಿ. ಡೈಕ್ ಗಟ್ಟಿಯಾಗಿದ್ದರೆ ನೆಲದಡಿ ಹರಿಯುವ ನೀರಿಗೆ ಅಡ್ಡ ಕಟ್ಟುತ್ತದೆ. ಅದರ ಒಂದು ಮಗ್ಗುಲಲ್ಲಿ ನೀರು ಸಿಕ್ಕಿ, ಇನ್ನೊಂದು ಮಗ್ಗುಲಲ್ಲಿ ಬರೀ ಧೂಳು ಬರಬಹುದು. ಅಣ್ಣನ ಜಮೀನಲ್ಲಿ ನೀರು ಬಂತು, ಪಕ್ಕದಲ್ಲೇ ತಮ್ಮನ ಜಮೀನಲ್ಲಿ ಬರಲಿಲ್ಲ ಅಂದರೆ ಅದು ಹಣೆಬರಹ ಅಂತ ಕೈಚೆಲ್ಲಬೇಡಿ. ಬೋರ್ ಕೊರೆಯುವಾಗ ಹೊರಬರುವ ಪುಡಿಯನ್ನು ಹತ್ತಡಿಗೊಮ್ಮೆ ಹಿಡಿದು ಪೊಟ್ಟಣ ಕಟ್ಟಿ, ಮೇಲೆ ಆಳ ಬರೆದಿಡಿ. ಬಿಳಿ ಪುಡಿ ಬರುತ್ತಿದ್ದು ಒಮ್ಮೆಲೇ ಕರಿ ಪುಡಿ ಬಂದರೆ ಶಿಲೆ ಬದಲಾಗಿದೆ ಅಂತ ಅರ್ಥ. ಮುಂದಿನ ಬೋರ್‌ಗೆ ಜಾಗ ನೋಡುವಾಗ ಆ ಪೊಟ್ಟಣಗಳು ತುಂಬಾ ಕೆಲಸಕ್ಕೆ ಬರುತ್ತವೆ. ಸಾಲ ಮಾಡಿ ಬೋರ್ ಕೊರೆಸಿ ಸೋತವರ ಮನೆಗಳು ನಮ್ಮ ಕಣ್ಣ ಮುಂದೆಯೇ ಇವೆ. ಅದಕ್ಕೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಅದಿರು. ಲೋಹವೋ, ಬೇಕಾದ ಇನ್ನೇನೋ ವಸ್ತುವೋ ಇರುವ ಕಲ್ಲೆಲ್ಲ ಅದಿರಲ್ಲ. ತೆಗೆದು, ಬೇರ್ಪಡಿಸಿ, ಮಾರಿದರೆ ಖರ್ಚು ಕಳೆದು ಉಳಿಯುವಂತಿದ್ದರೆ ಮಾತ್ರ ಅದಿರು. ಆದ್ದರಿಂದ ಅದಿರು ಅನ್ನೋದು ಕಾಲದ ಜೊತೆ, ಬೆಲೆಯ ಜೊತೆ ಬದಲಾಗುತ್ತದೆ. ಹೆಮಟೈಟ್‌ನಲ್ಲಿ ಶೇ 55 ಕಬ್ಬಿಣ ಇದ್ದರೆ ಮಾತ್ರ ಲೆಕ್ಕಕ್ಕೆ ಅಂತ ಇಂಡಿಯನ್ ಬ್ಯೂರೋ ಆಫ್ ಮೈನ್ಸ್ ಒಂದು ಕಾಲಕ್ಕೆ ಗೆರೆ ಹಾಕಿತ್ತು. ಆಮೇಲೆ ಅದನ್ನು ಶೇ 45ಕ್ಕೆ ಇಳಿಸಿತು. ನಿನ್ನೆಯವರೆಗೆ ಕಸ ಅಂತ ಗುಡ್ಡೆ ಹಾಕಿದ ಕಲ್ಲು ಒಂದು ಆದೇಶದಿಂದ ಅದಿರಾಯಿತು. ಕಲ್ಲಿನೊಳಗೆ ಏನೂ ಬದಲಾಗಿರಲಿಲ್ಲ.

ಇದಕ್ಕೆ ದೊಡ್ಡ ಉದಾಹರಣೆ ಕೋಲಾರದ ಚಿನ್ನದ ಗಣಿ. ಅದರಲ್ಲಿ ಮಂಡ್ಯದ ಪಾಲೂ ಇದೆ. 1902ರಲ್ಲಿ ನಮ್ಮ ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹೋಗಿ ಕೆ.ಜಿ.ಎಫ್ ಯಂತ್ರಗಳನ್ನು ತಿರುಗಿಸಿತು. ಆ ಕಾಲಕ್ಕೆ ಅಷ್ಟು ದೂರ ವಿದ್ಯುತ್ ಸಾಗಿಸುವುದು ಸಣ್ಣ ಸಾಹಸವಲ್ಲ. ಅಲ್ಲಿನ ಚಿನ್ನ ಇದ್ದದ್ದು ಷಿಸ್ಟಿನೊಳಗೆ ಸೇರಿಕೊಂಡಿದ್ದ ಬೆಣಚಿನ ಪಟ್ಟಿಗಳಲ್ಲಿ. ಬಿರುಕಿನಲ್ಲಿ ಬಿಸಿನೀರು ಹರಿದು ಖನಿಜ ಬಿಟ್ಟುಹೋದ ಇಂಥ ಪಟ್ಟಿಗೆ ಸಿರೆ ಅಂತಾರೆ, ಗಣಿಯವರ ಬಾಯಲ್ಲಿ ರೀಫ್. ಒಂದು ಟನ್ ಕಲ್ಲಿನಲ್ಲಿ ಎಷ್ಟು ಗ್ರಾಂ ಚಿನ್ನ ಅನ್ನೋದು ಅದರ ದರ್ಜೆ, ಗಣಿಯಲ್ಲಿ ಗ್ರೇಡ್ ಅಂತಲೇ ಹೇಳುತ್ತಾರೆ. ಶುರುವಿನಲ್ಲಿ ಟನ್ನಿಗೆ ಹತ್ತಾರು ಗ್ರಾಂ ಸಿಗುತ್ತಿತ್ತು. ಮೂರು ಕಿಲೋಮೀಟರಿಗೂ ಆಳಕ್ಕೆ ಹೋದರು. ಅಲ್ಲಿ ಬಂಡೆ ಮುಟ್ಟಿದರೆ ಸುಡುವಷ್ಟು ಬಿಸಿ. ಒತ್ತಡ ತಾಳಲಾರದೆ ಬಂಡೆ ಸಿಡಿಯುತ್ತಿತ್ತು, ಅದರಲ್ಲಿ ಎಷ್ಟೋ ಕಾರ್ಮಿಕರು ಜೀವ ಕಳೆದುಕೊಂಡರು. ದರ್ಜೆ ಇಳಿಯುತ್ತಾ ಬಂತು, ಖರ್ಚು ಏರುತ್ತಾ ಹೋಯಿತು. ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಚಿನ್ನ ಪೂರ್ತಿ ಮುಗಿದಿರಲಿಲ್ಲ. ಅಂದಿನ ಬೆಲೆಗೆ ಅದು ಅದಿರಾಗಿ ಉಳಿದಿರಲಿಲ್ಲ, ಅಷ್ಟೇ. ಅದಿರು ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದುಕೊಂಡ ಮೇಲೆ ಉಳಿದ ಪುಡಿಗೆ ಟೇಲಿಂಗ್ಸ್ ಅಂತಾರೆ. ಆ ದಿಬ್ಬಗಳು ಇಂದಿಗೂ ಊರಿನ ಪಕ್ಕದಲ್ಲೇ ಇವೆ. ಗಾಳಿ ಬಂದರೆ ಧೂಳು ಮನೆಯೊಳಗೆ ಬರುತ್ತದೆ. ಗಣಿಯ ಲೆಕ್ಕ ಹಾಕುವಾಗ ಮುಚ್ಚಿದ ಮೇಲಿನ ವರ್ಷಗಳನ್ನೂ ಸೇರಿಸಿ ಹಾಕಬೇಕು ಅಂತ ನಾನು ಹೇಳುವುದು ಇದಕ್ಕೇ.

ಮೈಸೂರಿನ ಹತ್ತಿರದ ಗಣಿಗಳು ಯಾರಿಗೂ ಅಷ್ಟು ನೆನಪಿಲ್ಲ. ದೊಡ್ಡಕಾನ್ಯ, ತಳೂರು, ಸಿಂಧುವಳ್ಳಿ ಸುತ್ತ ಆಲಿವಿನ್ ಖನಿಜ ತುಂಬಿದ ಡ್ಯೂನೈಟ್ ಎಂಬ ಶಿಲೆ ಇದೆ. ಅದು ಬದಲಾಗಿ ಬಿಳಿ ಬಲೆ ಹರಡಿದ ಹಾಗೆ ಮ್ಯಾಗ್ನಸೈಟ್ ಆಗಿದೆ. ಉಕ್ಕಿನ ಕುಲುಮೆಯ ಒಳಗೋಡೆಗೆ ಬೇಕಾದ, ಬೆಂಕಿ ತಡೆಯುವ ಇಟ್ಟಿಗೆ ಇದರಿಂದ ಆಗುತ್ತದೆ. ಸಿಂಧುವಳ್ಳಿ, ತಳೂರು ಕಡೆ ಕ್ರೋಮೈಟ್ ಕೂಡ ತೆಗೆದಿದ್ದಾರೆ.

ಮರಳಗಾಲಕ್ಕೆ ಬರೋಣ. ಅಲ್ಲಿ ಲಿಥಿಯಂ ಇರುವುದು ಪೆಗ್ಮಟೈಟ್ ಎಂಬ ಶಿಲೆಯಲ್ಲಿ. ಗ್ರಾನೈಟ್ ರಸ ಆರುತ್ತಾ ಬಂದಾಗ ಫೆಲ್ಡ್‌ಸ್ಪಾರ್, ಬೆಣಚು ಮೊದಲು ಹರಳುಗಟ್ಟುತ್ತವೆ. ಲಿಥಿಯಂ, ಟ್ಯಾಂಟಲಂ, ಬೆರಿಲಿಯಂನಂಥ ಧಾತುಗಳಿಗೆ ಆ ಹರಳುಗಳಲ್ಲಿ ಜಾಗ ಸಿಗುವುದಿಲ್ಲ. ಅವು ಕೊನೆಗೆ ಉಳಿದ ನೀರು ನೀರಾದ ರಸದಲ್ಲಿ ಸೇರಿಕೊಂಡು, ಸುತ್ತಲಿನ ಬಿರುಕುಗಳಿಗೆ ನುಗ್ಗುತ್ತವೆ. ಆ ತೆಳು ರಸದಲ್ಲಿ ಹರಳು ಸಲೀಸಾಗಿ ಬೆಳೆಯುತ್ತದೆ. ಕಲ್ಲುಸಕ್ಕರೆ ಮಾಡುವವರು ಪಾಕವನ್ನು ಕದಲಿಸದೆ ಬಿಟ್ಟು ದೊಡ್ಡ ಹರಳು ಪಡೆಯುತ್ತಾರಲ್ಲ, ಇಲ್ಲೂ ಒಂದೊಂದು ಹರಳು ಗೇಣುದ್ದ, ಮೊಳದುದ್ದ ಬೆಳೆದಿರುತ್ತದೆ. ಅದರಲ್ಲಿ ಒಂದು ಸ್ಪಾಡುಮೀನ್. ಲಿಥಿಯಂ ಕೂತಿರುವುದು ಇದರಲ್ಲಿ. ಶುದ್ಧ ಸ್ಪಾಡುಮೀನ್‌ನಲ್ಲೂ ಲಿಥಿಯಂ ಶೇ 3.7 ಅಷ್ಟೇ. ಶಿಲೆಯಲ್ಲಿ ಬೇರೆ ಖನಿಜಗಳೂ ಇರುವುದರಿಂದ ಇನ್ನೂ ಕಮ್ಮಿ. ಅದನ್ನು ತೆಗೆಯಲು ಖನಿಜವನ್ನು ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಬೇಯಿಸಬೇಕು. ಇದಕ್ಕೆಲ್ಲ ಇಂಧನ ಬೇಕು, ನೀರು ಬೇಕು, ಉಳಿಕೆ ಸುರಿಯಲು ಜಾಗ ಬೇಕು. ಯಾರಾದರೂ ಟನ್ನುಗಳ ಲೆಕ್ಕ ಹೇಳಿದರೆ ಮೊದಲು ಕೇಳಿ: ಅದು ಲೋಹದ ತೂಕವೋ, ಕಲ್ಲಿನ ತೂಕವೋ?

ಎರಡನೆಯ ಪ್ರಶ್ನೆ: ಎಷ್ಟು ಖಾತ್ರಿ? ಭೂವಿಜ್ಞಾನಿಗಳು ಇದಕ್ಕೆ ಮೆಟ್ಟಿಲು ಇಟ್ಟಿದ್ದಾರೆ. ದೊಡ್ಡ ಪ್ರದೇಶದಲ್ಲಿ ಸುಮ್ನೆ ಸುಳಿವು ಹುಡುಕುವುದು ಜಿ4. ನಕ್ಷೆ ಮಾಡಿ, ಅಲ್ಲೊಂದು ಇಲ್ಲೊಂದು ಗುಂಡಿ ತೋಡಿ, ಕೊರೆದು ನೋಡುವುದು ಜಿ3. ಹತ್ತಿರ ಹತ್ತಿರ ಕೊರೆಯುತ್ತಾ ಹೋದರೆ ಜಿ2, ಜಿ1. ಜಿ3 ಹಂತದ ಲೆಕ್ಕಕ್ಕೆ ಊಹಿತ ಸಂಪನ್ಮೂಲ ಅಂತಾರೆ. ಕೊರೆದ ಎರಡು ಜಾಗಗಳ ನಡುವೆಯೂ ಅದೇ ಶಿಲೆ ಇದ್ದೀತು ಅನ್ನುವ ಊಹೆ ಅದರಲ್ಲಿ ಸೇರಿದೆ. ಪೆಗ್ಮಟೈಟ್ ವಿಷಯದಲ್ಲಿ ಈ ಊಹೆ ಕೈಕೊಡುವುದು ಜಾಸ್ತಿ. ಇಲ್ಲಿ ಹತ್ತು ಮೀಟರ್ ದಪ್ಪ ಇದ್ದದ್ದು ಸ್ವಲ್ಪ ದೂರಕ್ಕೆ ಹೋದರೆ ಕಾಣೆಯಾಗಿರುತ್ತದೆ. ಪರಮಾಣು ಖನಿಜ ಹುಡುಕುವ ಕೇಂದ್ರದ ಸಂಸ್ಥೆ ಅಟಾಮಿಕ್ ಮಿನರಲ್ಸ್ ಡೈರೆಕ್ಟೊರೇಟ್ ಮರಳಗಾಲದಲ್ಲಿ ಹೇಳಿದ 1,600 ಟನ್ ಈ ಊಹಿತ ಮಟ್ಟದ್ದು. 2023ರ ಫೆಬ್ರವರಿಯಲ್ಲಿ ಜಮ್ಮು ಕಾಶ್ಮೀರದ ರಿಯಾಸಿಯಲ್ಲಿ 59 ಲಕ್ಷ ಟನ್ ಅಂತ ದೊಡ್ಡ ಸುದ್ದಿಯಾಯಿತಲ್ಲ, ಅದೂ ಜಿ3. ಸಂಪನ್ಮೂಲ ಪೂರ್ತಿ ಪರಿಶೀಲನೆಯಾಗಿ, ತೆಗೆಯಲು ತಾಂತ್ರಿಕವಾಗಿ ಆಗುತ್ತದೆ, ಲಾಭವೂ ಇದೆ, ಕಾನೂನಿನ ಅಡ್ಡಿ ಇಲ್ಲ ಅಂತ ಆದ ಮೇಲೆ ಉಳಿಯುವ ಪಾಲೇ ಮೀಸಲು ನಿಕ್ಷೇಪ. ಅದು ಯಾವಾಗಲೂ ಸಂಪನ್ಮೂಲಕ್ಕಿಂತ ಚಿಕ್ಕದು. ಪತ್ರಿಕೆಯವರು ಇಲ್ಲಿದ್ದರೆ ಕೈಮುಗಿದು ಕೇಳಿಕೊಳ್ಳುತ್ತೇನೆ. ನಿಧಿ ಸಿಕ್ಕಿತು ಅಂತ ಬರೆಯುವ ಮುಂಚೆ ಯಾವ ಹಂತದ ಲೆಕ್ಕ ಅಂತ ಒಂದು ಸಾಲು ಸೇರಿಸಿ. ಆ ಒಂದು ಸಾಲು ಇಲ್ಲದೆ ಹೋದರೆ ಸುತ್ತಲ ಜಮೀನಿನ ಬೆಲೆ ಏರುತ್ತದೆ, ದಲ್ಲಾಳಿಗಳು ಬರುತ್ತಾರೆ, ಕಮ್ಮಿ ಜಮೀನು ಇರುವವರು ಅವಸರಕ್ಕೆ ಬಿದ್ದು ಮಾರಿಕೊಳ್ಳುತ್ತಾರೆ.

ಗಣಿಯ ಮಾತುಗಳಲ್ಲಿ ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಮೇಲಿನಿಂದ ತೆರೆದು ತೆಗೆಯುವುದು ತೆರೆದ ಗಣಿ, ಅದರ ಮೆಟ್ಟಿಲು ಮೆಟ್ಟಿಲಾದ ಗೋಡೆಗಳಿಗೆ ಬೆಂಚ್ ಅಂತಾರೆ. ನೆಲದಡಿಯ ಗಣಿಗೆ ನೇರವಾಗಿ ಇಳಿಯುವ ಬಾವಿ ಶಾಫ್ಟ್. ಗುಡ್ಡದ ಪಕ್ಕದಿಂದ ಅಡ್ಡಲಾಗಿ ಒಳಗೆ ಹೋದರೆ ಆಡಿಟ್. ಅದಿರಿನ ಮೇಲೆ ಕೂತಿರುವ, ಬೇಡದ ಮಣ್ಣು ಕಲ್ಲು ಮೇಲ್ಪದರ. ಕಟ್ಟಡದ ಕಲ್ಲು ತೆಗೆಯುವ ಜಾಗ ಕ್ವಾರಿ.

ಕ್ವಾರಿ ನಮ್ಮ ಜಿಲ್ಲೆಯ ದೊಡ್ಡ ವಿಷಯ. ಹಳೆಯ ಕಲ್ಲುಕುಟಿಗರು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಿದ್ದೀರಾ? ಮೊದಲು ಬಂಡೆಯ ಮೇಲೆ ಕೈಯಾಡಿಸಿ, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾರೆ. ಕಲ್ಲು ಯಾವ ದಿಕ್ಕಿಗೆ ಸಲೀಸಾಗಿ ಸೀಳುತ್ತದೆ ಅನ್ನೋದು ಅವರಿಗೆ ಗೊತ್ತು. ಆ ಗೆರೆಯ ಮೇಲೆ ಸಾಲಾಗಿ ಚಿಕ್ಕ ಕುಳಿ ಹೊಡೆಯುತ್ತಾರೆ. ಒಂದೊಂದರಲ್ಲೂ ಕಬ್ಬಿಣದ ಬೆಣೆ ಇಡುತ್ತಾರೆ. ಆಮೇಲೆ ಸುತ್ತಿಗೆ ಹಿಡಿದು ಈ ತುದಿಯಿಂದ ಆ ತುದಿಗೆ, ಮತ್ತೆ ಆ ತುದಿಯಿಂದ ಈ ತುದಿಗೆ, ಎಲ್ಲ ಬೆಣೆಗೂ ಸಮನಾಗಿ ಏಟು ಕೊಡುತ್ತಾ ಬರುತ್ತಾರೆ. ಒಂದು ಹೊತ್ತಿನಲ್ಲಿ ಏಟಿನ ಸದ್ದೇ ಬದಲಾಗುತ್ತದೆ. ಅಲ್ಲಿಗೆ ನಿಲ್ಲಿಸುತ್ತಾರೆ, ಬಂಡೆ ತಾನಾಗಿ ಸೀಳುತ್ತದೆ. ಚಪ್ಪಡಿ ಬೇಕಾದರೆ ಬಂಡೆಯ ಮೇಲೆ ಬೆಂಕಿ ಹಾಕುತ್ತಿದ್ದರು. ಬಿಸಿಗೆ ಮೇಲಿನ ಪದರ ಹಿಗ್ಗಿ ಕೆಳಗಿನ ಬಂಡೆಯಿಂದ ಬಿಡಿಸಿಕೊಳ್ಳುತ್ತದೆ. ಇದು ಪುಸ್ತಕ ಓದದೆ ಕಲಿತ ಭೂವಿಜ್ಞಾನ. ಈ ಜನರಿಗೆ ನಾವು ಕೊಡಬೇಕಾದ ಗೌರವ ಕೊಟ್ಟಿಲ್ಲ ಅನ್ನೋದು ನನ್ನ ಮನಸ್ಸಿನಲ್ಲಿದೆ.

ಈಗ ಮದ್ದು ಸಿಡಿಸುತ್ತಾರೆ. ಪಾಂಡವಪುರ ತಾಲ್ಲೂಕಿನ ಕಲ್ಲು ಕ್ವಾರಿಗಳ ಬೇಬಿ ಬೆಟ್ಟ, ಅದರ ಹತ್ತಿರದ ಕೆ.ಆರ್.ಎಸ್ ಅಣೆಕಟ್ಟೆ, ಈ ಎರಡು ಹೆಸರು ಒಟ್ಟಿಗೆ ಬಂದರೆ ಇಲ್ಲಿ ಕೂತವರಿಗೆಲ್ಲ ಎದೆ ಡವಡವ ಅನ್ನುತ್ತದೆ. 2024ರ ಜನವರಿಯಲ್ಲಿ ಹೈಕೋರ್ಟು ಅಣೆಕಟ್ಟೆಯ ಸುರಕ್ಷತೆ ಪರಿಶೀಲನೆ ಆಗುವ ತನಕ ಸುತ್ತಲಿನ 20 ಕಿಲೋಮೀಟರಿನೊಳಗೆ ಗಣಿಗಾರಿಕೆ ಬೇಡ ಅಂತ ಹೇಳಿತು. ಸಿಡಿತದ ಕಂಪನ ಎಷ್ಟು ದೂರಕ್ಕೆ ಎಷ್ಟು ಮುಟ್ಟುತ್ತದೆ ಅನ್ನೋದು ಒಂದು ಸಲಕ್ಕೆ ಸಿಡಿಯುವ ಮದ್ದಿನ ತೂಕ, ದೂರ, ನಡುವಿನ ಶಿಲೆ, ಈ ಮೂರರ ಮೇಲೆ ನಿಂತಿದೆ. ಅದನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಅಂತ ಅಳೆಯುತ್ತಾರೆ. ಮೈಸೂರು, ಮಂಡ್ಯದ ಅನ್ನ ನಿಂತಿರುವುದು ಆ ಕಟ್ಟೆಯ ಮೇಲೆ. ಅಲ್ಲಿ ಸಂದೇಹಕ್ಕೆ ಜಾಗ ಇರುವವರೆಗೂ ಮದ್ದಿಗೆ ಜಾಗ ಇರಬಾರದು ಅಂತ ನಾನು ಹೇಳುತ್ತೇನೆ.

ಕ್ರಷರ್ ಕೆಲಸದವರ ವಿಷಯ ಇದಕ್ಕಿಂತ ಮುಖ್ಯ. ನೈಸ್, ಗ್ರಾನೈಟ್ ಎರಡರಲ್ಲೂ ಬೆಣಚು ಇದೆ ಅಂತ ಆಗಲೇ ನೋಡಿದಿರಿ. ಜಲ್ಲಿ, ಎಂ-ಸ್ಯಾಂಡ್ ಮಾಡುವಾಗ ಆ ಬೆಣಚು ಕಣ್ಣಿಗೆ ಕಾಣದ ಧೂಳಾಗುತ್ತದೆ. ಅದು ಶ್ವಾಸಕೋಶದ ಆಳಕ್ಕೆ ಹೋಗಿ ಕೂತರೆ ಸಿಲಿಕೋಸಿಸ್ ಬರುತ್ತದೆ. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ, ವಾಸಿ ಮಾಡುವ ಔಷಧಿ ಇಲ್ಲ. ತಡೆಯುವುದು ಮಾತ್ರ ಸಾಧ್ಯ: ನೀರು ಸಿಂಪಡಿಸಬೇಕು, ಯಂತ್ರಕ್ಕೆ ಮುಚ್ಚಿಗೆ ಹಾಕಬೇಕು, ಸರಿಯಾದ ಮಾಸ್ಕ್ ಕೊಡಬೇಕು. ಮೂಗಿಗೆ ಟವೆಲ್ ಸುತ್ತಿಕೊಂಡರೆ ಆ ಧೂಳು ನಿಲ್ಲುವುದಿಲ್ಲ. ಕೆಮ್ಮಿಗೆ ಡಾಕ್ಟರ ಹತ್ತಿರ ಹೋದಾಗ ಕ್ರಷರಿನಲ್ಲಿ ಕೆಲಸ ಅಂತ ತಪ್ಪದೆ ಹೇಳಬೇಕು. ಹೇಳದಿದ್ದರೆ ಅದನ್ನು ಕ್ಷಯ ಅಂತ ತಿಳಿಯುವ ಸಂಭವ ಇದೆ.

ಕೊನೆಯಲ್ಲಿ ಪ್ರಶ್ನೆಗಳಿಗೆ ಸಮಯ ಬಿಟ್ಟಿದ್ದೆವು. ಹಿರಿಯರೊಬ್ಬರು ಎದ್ದು ಕೇಳಿದರು: "ಮೇಷ್ಟ್ರೇ, ನನ್ ಜಮೀನ್ನಾಗೆ ಸಿಕ್ಕುದ್ರೆ ಅದು ನಂದಾ, ಸರ್ಕಾರುದ್ದಾ?" ಜಮೀನು ನಿಮ್ಮದೇ ಆಗಿರಲಿ, ಗುತ್ತಿಗೆ ಅಥವಾ ಪರವಾನಗಿ ಇಲ್ಲದೆ ಖನಿಜ ತೆಗೆದು ಮಾರುವಂತಿಲ್ಲ, ರಾಜಧನವನ್ನೂ ಕಟ್ಟಬೇಕು ಅಂತ ವಿವರಿಸಿದೆ. ಇದಕ್ಕೆ ಮೂಲ 1957ರ ಗಣಿ ಮತ್ತು ಖನಿಜ ಕಾಯ್ದೆ. ಕಟ್ಟಡದ ಕಲ್ಲು, ಜಲ್ಲಿ, ಮಾಮೂಲಿ ಮರಳು, ಮಾಮೂಲಿ ಜೇಡಿ ಉಪಖನಿಜಗಳು. ಅವುಗಳ ನಿಯಮ ಮಾಡುವುದು ರಾಜ್ಯ. ಲಿಥಿಯಂ ಪರಮಾಣು ಖನಿಜಗಳ ಪಟ್ಟಿಯಲ್ಲಿತ್ತು. 2023ರ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆಯಿತು, ಈಗ ಹರಾಜು ಹಾಕುವುದು ಕೇಂದ್ರ ಸರ್ಕಾರ.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಜೇಬಿನಿಂದ ಬಿಳಿ ಕಲ್ಲೊಂದನ್ನು ತೆಗೆದ. "ಸಾರ್, ನಮ್ ಹೊಲ್ದಲ್ಲಿ ಇಂಥವು ಜಾಸ್ತಿ ಅವೆ. ಏನಿದು?" ಅಂದ. ಉತ್ತರ ಹೇಳದೆ ಗಾಜಿನ ಚೂರು ಅವನ ಕೈಗೇ ಕೊಟ್ಟೆ. ಗೀರಿದ, ಗಾಜಿನ ಮೇಲೆ ಗೆರೆ ಬಿತ್ತು. ಅಲ್ಲಿಗೆ ಸುಣ್ಣಕಲ್ಲಲ್ಲ, ಮ್ಯಾಗ್ನಸೈಟೂ ಅಲ್ಲ. ತಿರುಗಿಸಿ ನೋಡಿದ, ಚಪ್ಪಟೆ ಮೈ ಸಿಗಲಿಲ್ಲ. "ಬೆಣಚು ಸಾರ್" ಅಂತ ಅವನೇ ಅಂದ. ಅದರ ಒಂದು ಅಂಚಿನಲ್ಲಿ ಬೆರಳ ಅಗಲದ ಅಭ್ರಕ ಹಾಳೆಗಳು ಅಂಟಿಕೊಂಡಿದ್ದವು. ಅಷ್ಟು ದೊಡ್ಡ ಅಭ್ರಕ ಇದ್ದರೆ ಪೆಗ್ಮಟೈಟ್ ಇರುವ ಸಾಧ್ಯತೆ ಇದೆ, ಲಿಥಿಯಂ ಇದೆ ಅಂತ ಮಾತ್ರ ಅರ್ಥವಲ್ಲ ಅಂದೆ. ಕಲ್ಲು ಸಿಕ್ಕಿದ ಜಾಗ, ಆ ಬಿಳಿ ಸಾಲಿನ ಅಗಲ, ಅದು ಹೋಗುವ ದಿಕ್ಕು ಬರೆದಿಟ್ಟುಕೊಂಡು, ಮಾದರಿಯನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೋ ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗಕ್ಕೋ ತೆಗೆದುಕೊಂಡು ಹೋಗಿ ತೋರಿಸಲು ಹೇಳಿದೆ.